ಕುಂಚ ಹಿಡಿದ ದುಂಬಿ

ಜುಲೈ 4, ಶುಕ್ರವಾರ

ಈ ದಿನ ಬೆಳಿಗ್ಗೆ ಹತ್ತೂಕಾಲು ಗಂಟೆಗೆ, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ನಾನೊಂದು ಕಳ್ಳತನ ಮಾಡಿದೆನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಕದ್ದ ಮಾಲು: ಒಣ ಎಲೆ, ಒಂದು ಮೂಟೆ. ವಾರಸುದಾರರು: ಪಕ್ಕದ ಮನೆಯ ನಿವೃತ್ತ ರೈಲು ಚಾಲಕರು. ಬಳಸಿದ ಆಯುಧ: ಡಾಕ್ಟರು ಬರೆದುಕೊಟ್ಟ ಊರುಗೋಲು. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿದ ನಾನು ಹಿತ್ತಲಿನ ಮೋಟುಗೋಡೆಯ ಮೇಲೆ ಹೊಟ್ಟೆ ಊರಿ, ಊರುಗೋಲಿನ ಬಾಗಿದ ಹಿಡಿಯನ್ನು ಮೂಟೆಯ ಕುತ್ತಿಗೆಗೆ ಸಿಕ್ಕಿಸಿ, ಬಾವಿಯಿಂದ ಕೊಡ ಸೇದುವಂತೆ ಈಚೆಗೆ ಸೇದಿಕೊಂಡೆ.

ಮೂಟೆ ಈಚೆಗೆ ಬಿದ್ದಾಗ ಆಚೆ ಚಾಲಕರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಸಾರ್, ಅದನ್ನ ನಿಮಗೇ ಅಂತ ಕಟ್ಟಿಟ್ಟಿದ್ದೆ. ಗೇಟಿಂದ ಬಂದು ತಗೊಂಡು ಹೋಗೋದಲ್ವಾ? ಗೇಟಿಂದ ಗೇಟಿಗೆ ಹತ್ತು ಹೆಜ್ಜೆ ಇಲ್ಲ.”

“ಗೇಟಿಂದ ಬಂದಿದ್ರೆ ಅದು ದಾನ ಆಗ್ತಿತ್ತು. ಮೇಷ್ಟರ ಮರ್ಯಾದೆ ಏನಾಗ್ಬೇಕು?”

“ಕದ್ದರೆ ಉಳಿಯುತ್ತಾ ಮರ್ಯಾದೆ?”

“ಸಿಕ್ಕಿಬೀಳದಿದ್ರೆ ಉಳಿಯುತ್ತೆ. ನೀವು ಐದು ನಿಮಿಷ ತಡವಾಗಿ ಬರಬೇಕಿತ್ತು. ರೈಲು ಓಡಿಸುವಾಗ ಒಂದು ದಿನವಾದ್ರೂ ಸರಿಯಾದ ಹೊತ್ತಿಗೆ ಬಂದಿದ್ರಾ?”

ಅವರು ನಕ್ಕರು. ಆದರೆ ನಗುತ್ತಲೇ ನಮ್ಮ ಗೇಟಿನ ಕಡೆಗೊಮ್ಮೆ, ನನ್ನ ಕಾಲಿನ ಕಡೆಗೊಮ್ಮೆ ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ.

ಕಾಲಿನ ಕಥೆ ಇಷ್ಟೇ. ಮಾರ್ಚ್ ತಿಂಗಳಲ್ಲಿ ಮನೆಯೆದುರಿನ ರಸ್ತೆ ದಾಟಿ ಬಸ್ ಸ್ಟಾಪಿಗೆ ಹೋಗುವಾಗ ಒಂದು ತರಕಾರಿ ವ್ಯಾನು ನನ್ನನ್ನು ಗುದ್ದಿತು. ಮೊಣಕಾಲು ಎರಡು ಕಡೆ ಮುರಿಯಿತು. ಸುತ್ತ ಎಲೆಕೋಸುಗಳು ಉರುಳಿದವು. ಅಂಗಡಿ ತರಕಾರಿ ಆರೋಗ್ಯಕ್ಕೆ ಹಾನಿಕರ ಎಂಬುದಕ್ಕೆ ನನಗಿಂತ ದೊಡ್ಡ ಸಾಕ್ಷಿ ಬೇಡ. ಹಾಗಾಗಿ ಪ್ಲಾಸ್ಟರಿನಲ್ಲಿ ಕುಳಿತಲ್ಲೇ ಹಿತ್ತಲಿನಲ್ಲಿ ಸಾವಯವ ಕೃಷಿ ಶುರು ಮಾಡಿದೆ. ಸಾವಯವ ಎಂದರೆ ಅವಯವ ಸಹಿತವಾದದ್ದು. ನನ್ನದೊಂದು ಅವಯವ, ಅಂದರೆ ಕಾಲು, ಕೈಕೊಟ್ಟ ಮೇಲೆ ಇದಕ್ಕಿಳಿದೆ ಎಂಬುದು ಬೇರೆ ಮಾತು. ಈಗ ಅಲ್ಲಿ ಬೀನ್ಸ್ ಇದೆ, ಟೊಮೇಟೊ ಇದೆ, ಸೌತೆ, ಸಿಹಿಗುಂಬಳ, ಮೂಲೆಯಲ್ಲಿ ಒಂದು ಪಪ್ಪಾಯಿ. ಒಂದು ಹನಿ ವಿಷವಿಲ್ಲ, ನನ್ನ ನಾಲಿಗೆಯದನ್ನು ಬಿಟ್ಟರೆ.

ಜುಲೈ 9, ಬುಧವಾರ

ಪ್ರಿನ್ಸಿಪಾಲರ ಫೋನು.

“ಸೆಪ್ಟೆಂಬರ್ ಒಂದಕ್ಕೆ ನಿಮ್ಮ ರಜೆ ಪೂರ್ತಿ ಮುಗಿಯುತ್ತೆ ಮೇಷ್ಟ್ರೇ. ಅವತ್ತು ಬಂದು ಸಹಿ ಹಾಕ್ಲಿಲ್ಲ ಅಂದ್ರೆ ಬದಲಿ ಮೇಷ್ಟರನ್ನೇ ಖಾಯಂ ಮಾಡ್ಬೇಕಾಗುತ್ತೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ.”

“ನನ್ನ ಕಾಲಲ್ಲೂ ಏನೂ ಇಲ್ಲ ಈಗ. ಪ್ಲಾಸ್ಟರ್ ತೆಗೆದು ಹದಿನೈದು ದಿನ ಆಯ್ತು. ಒಂದನೇ ತಾರೀಕು ಮೊದಲ ಪೀರಿಯಡ್ಡಿಗೆ ಮೊದಲೇ ಬಂದು ಗೇಟಿನಲ್ಲಿ ನಿಂತಿರ್ತೀನಿ, ನೋಡ್ತಿರಿ.”

ಫೋನಿಟ್ಟಾಗ ಇವಳು ಎದುರಿಗೇ ಇದ್ದಳು. ಕಣ್ಣಿನ ಆಸ್ಪತ್ರೆಯಲ್ಲಿ ಜನರ ದೃಷ್ಟಿ ಪರೀಕ್ಷೆ ಮಾಡುವ ಕೆಲಸ ಅವಳದು. ಮನೆಯಲ್ಲೂ ಎದುರಿದ್ದವರನ್ನು ಆ ಪುಟ್ಟ ದೀಪ ಹಿಡಿದಂತೆಯೇ ನೋಡುತ್ತಾಳೆ.

“ಹಾಗಾದ್ರೆ ಇವತ್ತು ಸಂಜೆ ಬಸ್ ಸ್ಟಾಪಿನ ತನಕ ಹೋಗಿ ಬರೋಣ. ದಿನಾ ರಸ್ತೇಲಿ ನಡೀಬೇಕು ಅಂತ ಡಾಕ್ಟರು ಹೇಳಿದ್ದಾರಲ್ಲ.”

“ಇವತ್ತು ಗೊಬ್ಬರದ ಗುಂಡಿ ಮಗುಚಬೇಕು. ಬಿಟ್ರೆ ಕೊಳೆತುಹೋಗುತ್ತೆ.”

“ಗೊಬ್ಬರ ಅಂದ್ರೇನೇ ಕೊಳೆಯೋದಲ್ವೇನ್ರೀ?”

ಕೊಳೆಯುವುದರಲ್ಲಿ ಎರಡು ವಿಧ, ಗಾಳಿಯಾಡಿ ಕೊಳೆಯುವುದು ಮತ್ತು ಗಾಳಿಯಾಡದೆ ಕೊಳೆಯುವುದು. ಎರಡನೆಯದು ನಾರುತ್ತದೆ ಎಂದು ಸೋದಾಹರಣವಾಗಿ ವಿವರಿಸಿದೆ. ವಿವರಣೆ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು.

ನಮ್ಮ ಅತ್ತೆ, ಇವಳ ತಾಯಿ, ಬಾಗಿಲಲ್ಲಿ ಕೂತು ಇಡೀ ಉಪನ್ಯಾಸ ಕೇಳಿದರು. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಮಾತನ್ನೂ ಅಳತೆ ತೆಗೆದೇ ಕತ್ತರಿಸುತ್ತಾರೆ. ನಾನು ಬಿದ್ದಾಗ ಒಂದು ವಾರಕ್ಕೆಂದು ಬಂದವರು ಇನ್ನೂ ಇದ್ದಾರೆ. ಅವರ ಕಿರಿಮಗಳು ಈಗ ಏಳು ತಿಂಗಳ ಬಸುರಿ. ಅಲ್ಲಿಗೆ ಜೂನಿನಲ್ಲೇ ಹೋಗಬೇಕಿತ್ತು. ನನ್ನ ತೋಟದ ಮೋಹಕ್ಕೆ ಉಳಿದಿದ್ದಾರೆಂದು ಕಾಣುತ್ತದೆ.

ಜುಲೈ 13, ಭಾನುವಾರ

ಹಕ್ಕಿ ಬಂದು ಟೊಮೇಟೊ ಕುಕ್ಕಿದೆ. ಚಿಟ್ಟೆ ಬಂದು ಎಲೆಯಡಿ ಮೊಟ್ಟೆ ಇಟ್ಟಿದೆ. ಹೊರಗಿನಿಂದ ಬರುವ ಯಾವುದೂ ಒಳ್ಳೆಯದಲ್ಲ ಎಂಬ ಸಿದ್ಧಾಂತಕ್ಕೆ ಬಂದಿದ್ದೇನೆ. ಆದ್ದರಿಂದ ಹಿತ್ತಲಿಗೆ ಪೂರ್ತಿ ಬಲೆ. ಸೊಳ್ಳೆ ಪರದೆಗಿಂತ ತುಸು ದಪ್ಪ, ಹಸಿರು ಬಣ್ಣ, ಬಿದಿರು ಗಳಗಳ ಮೇಲೆ ಎಳೆದು ನಾಲ್ಕೂ ಕಡೆ ನೆಲಕ್ಕೆ ಇಟ್ಟಿಗೆ ಹೇರಿದ್ದೇನೆ. ಅಡುಗೆಮನೆಯ ಹಿಂಬಾಗಿಲೊಂದೇ ದಾರಿ.

ಕೆಲಸ ಮುಗಿದ ಮೇಲೆ ಒಳಗೆ ಕುರ್ಚಿ ಹಾಕಿಕೊಂಡು ಕೂತೆ. ಬಲೆಗೆ ನಾನೇ “ಭಲೇ” ಅಂದುಕೊಂಡೆ. ರಸ್ತೆಯ ಸದ್ದು ಕೂಡ ಕಡಿಮೆಯಾದಂತೆ ಅನ್ನಿಸಿತು. ಬಲೆಗೆ ಆ ಗುಣವಿಲ್ಲವೆಂದು ಗೊತ್ತು, ಆದರೂ.

ಗೋಡೆಯ ಮೇಲೆ ಎರಡು ಗುಬ್ಬಚ್ಚಿ ಬಂದು ಕೂತು ತಲೆ ಓರೆ ಮಾಡಿ ನನ್ನನ್ನೇ ನೋಡಿದವು. ಮೃಗಾಲಯಕ್ಕೆ ಬಂದವರು ಹಾಗೆ ನೋಡುತ್ತಾರೆ.

ಜುಲೈ 22, ಮಂಗಳವಾರ

ಕುಂಬಳ ಹೂ ಬಿಡುತ್ತಿದೆ, ಕಾಯಿ ಹಿಡಿಯುತ್ತಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪಿಂದೆ, ಮೂರು ದಿನಕ್ಕೆ ಹಳದಿಯಾಗಿ ಉದುರುತ್ತದೆ. ಸೌತೆಯದೂ ಅದೇ ಪಾಡು. ಬೂದಿ ಹಾಕಿದೆ, ಹುಳಿ ಮಜ್ಜಿಗೆ ಸಿಂಪಡಿಸಿದೆ, ಸೌಮ್ಯವಾಗಿ ಬೈದೆ. ಏನೂ ಆಗಲಿಲ್ಲ.

ಚಾಲಕರು ಗೋಡೆಯಾಚೆಯಿಂದ ನೋಡಿ, “ಸಾರ್, ಇಷ್ಟು ಬಿಗಿಯಾಗಿ ಮುಚ್ಚಿದ್ರೆ ಜೇನು ಎಲ್ಲಿಂದ ಬರ್ಬೇಕು?” ಅಂದರು.

ತರ್ಕಶಾಸ್ತ್ರದ ಮೇಷ್ಟರಿಗೆ ರೈಲು ಚಾಲಕರು ಕಾರ್ಯಕಾರಣ ಸಂಬಂಧ ಹೇಳಿಕೊಡುವ ಕಾಲ ಬಂತು. ಬಲೆ ತೆಗೆದರೆ ಜೇನು ಬರುತ್ತದೆ; ಜೊತೆಗೆ ಉಳಿದವರೂ ಬರುತ್ತಾರೆ. ತೆಗೆಯುವ ಪ್ರಶ್ನೆಯೇ ಇಲ್ಲ. ಇವಳ ಹಳೆಯ ಬಣ್ಣದ ಡಬ್ಬಿಯಿಂದ ಒಂದು ಸಣ್ಣ ಕುಂಚ ತೆಗೆದುಕೊಂಡೆ. ಗಂಡು ಹೂವಿನ ಪರಾಗವನ್ನು ಕುಂಚಕ್ಕೆ ಸವರಿ ಹೆಣ್ಣು ಹೂವಿನ ನಡುವಿಗೆ ಮುಟ್ಟಿಸುವುದು. ಹೂ ಅರಳುವುದು ಬೆಳಗಾಗುತ್ತಲೇ, ಒಂಬತ್ತು ದಾಟಿದರೆ ಮುದುಡುತ್ತದೆ. ಅಂದರೆ ದಿನವೂ ಆರರಿಂದ ಒಂಬತ್ತರವರೆಗೆ ನಾನಿಲ್ಲದೆ ಈ ಮನೆಯಲ್ಲಿ ಒಂದು ಕುಂಬಳಕಾಯಿಯೂ ಹುಟ್ಟುವಂತಿಲ್ಲ.

ಕಾಲೇಜಿಗೆ ಹೋಗುವ ಬಸ್ಸು ಎಂಟೂ ಹತ್ತಕ್ಕೆ. ಸುಮ್ಮನೆ ಬರೆದಿಟ್ಟಿರುತ್ತೇನೆ.

ಆಗಸ್ಟ್ 2, ಶನಿವಾರ

ಹದಿನಾಲ್ಕು ಹೂವಿಗೆ ಮದುವೆ ಮಾಡಿಸಿದೆ. ಒಂಬತ್ತು ಪಿಂದೆ ನಿಂತಿವೆ. ನಿಂಬೆ ಗಾತ್ರದ ಒಂದು ಕುಂಬಳಕಾಯಿ ನೋಡಿ ಕಣ್ಣಲ್ಲಿ ನೀರು ಬಂತು. ಬೆಳ್ಳುಳ್ಳಿ ಅರೆದು ಸಿಂಪಡಿಸಿದ್ದರ ಪರಿಣಾಮವಿರಬೇಕು.

“ದುಂಬಿಯವರೇ, ತಿಂಡಿಗೆ ಬನ್ನಿ” ಎಂದು ಇವಳು ಕರೆದಳು. ಇನ್ನೊಂದು ಹೂವಿದೆ ಎಂದೆ. ತಿಂಡಿ ಆರಿತು.

ಆಗಸ್ಟ್ 8, ಶುಕ್ರವಾರ

ಇವತ್ತು ಇವಳು ಅರ್ಧ ದಿನ ರಜೆ ಹಾಕಿ ಬಂದು, “ಈಗ ಯಾವ ಹೂವೂ ಅರಳಿಲ್ಲ, ಚಪ್ಪಲಿ ಹಾಕ್ಕೊಳ್ಳಿ” ಅಂದಳು. ಹಾಕಿಕೊಂಡೆ. ಅಂಗಳದಲ್ಲಿ ಹದಿನೆಂಟು ಹೆಜ್ಜೆ. ಕಾಲು ಚೆನ್ನಾಗಿಯೇ ನಡೆಯಿತು, ನೋವು ಒಂದಿಷ್ಟೂ ಇಲ್ಲ. ಗೇಟಿನ ಚಿಲಕಕ್ಕೆ ಕೈಯಿಟ್ಟೆ. ರಸ್ತೆಯಲ್ಲಿ ಒಂದು ವ್ಯಾನು ಹೋಯಿತು, ಬಿಳಿಯದು, ಖಾಲಿ.

“ಚಿಲಕಕ್ಕೆ ಎಣ್ಣೆ ಹಾಕ್ಬೇಕು, ಬಿಗಿಯಾಗಿದೆ,” ಎಂದೆ.

ಇವಳು ಒಂದು ಬೆರಳಿನಲ್ಲಿ ಚಿಲಕ ಸರಿಸಿದಳು.

“ಈಗ?”

“ಈಗ ಸೆಕೆ. ಅಂಗಿ ನೋಡು, ಒದ್ದೆ.”

ಅಂಗಿ ನಿಜವಾಗಿಯೂ ಒದ್ದೆಯಾಗಿತ್ತು. ಅವಳ ಬಟ್ಟೆ ಒಣಗಿಯೇ ಇತ್ತು. ಹೆಂಗಸರಿಗೆ ಬೆವರು ಕಡಿಮೆ ಎಂದು ಎಲ್ಲೋ ಓದಿದ ನೆನಪು.

ಆಗಸ್ಟ್ 9, ಶನಿವಾರ

ಬೀನ್ಸ್ ನಲವತ್ತೆರಡು. ಹೊರಗೆ ಹೋಗಲಿಲ್ಲ. ಬಿಸಿಲು.

ಆಗಸ್ಟ್ 11, ಸೋಮವಾರ

ಹೊರಗೆ ಹೋಗಲಿಲ್ಲ. ಮೋಡ.

ಆಗಸ್ಟ್ 17, ಭಾನುವಾರ

ಬರೆಯಬಾರದೆಂದಿದ್ದೆ. ಬರೆಯುತ್ತಿದ್ದೇನೆ.

ಬೆಳಿಗ್ಗೆ ಕುಂಚ ತೊಳೆಯುತ್ತಿದ್ದಾಗ ಇವಳು ಬಂದು ಬಲೆಯೊಳಗೆ, ನನ್ನೆದುರಿಗೆ, ಬಕೆಟ್ಟು ಬೋರಲು ಹಾಕಿ ಕೂತಳು.

“ರೀ, ಭಯ ಆಗ್ತಿದೆ ಅಂತ ಒಂದ್ಸಲ ಹೇಳಿಬಿಡಿ. ನಾನೇನೂ ಅನ್ನಲ್ಲ.”

“ಭಯವಾ? ನನಗಾ? ನೂರಿಪ್ಪತ್ತು ಹುಡುಗರ ಕ್ಲಾಸಿನಲ್ಲಿ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆದವನು ನಾನು. ಈಗ ಕೆಲಸ ಇದೆ, ಅಷ್ಟೇ. ಹೂವಿಗೆ ನಾನು ಬೇಕು, ಹುಳ ಆರಿಸೋಕೆ ನಾನು ಬೇಕು, ಗೊಬ್ಬರ...”

“ಕುಂಬಳಕಾಯಿಗೆ ನೀವು ಬೇಕೋ, ನಿಮಗೆ ಕುಂಬಳಕಾಯಿ ಬೇಕೋ?”

“ಇದು ರಜೆ ಅಂತ ತಿಳ್ಕೊಂಡ್ಯಾ? ರಜೆ ಅಲ್ಲ ಕಣೇ, ಸಜೆ” ಎಂದೆ.

ಅವಳು ನಗಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ನನ್ನ ಮಾತಿಗೆ ಇವಳು ಪೂರ್ತಿ ನಗದೇ ಇದ್ದದ್ದು ಇದು ಎರಡನೇ ಸಲ. ಮೊದಲನೆಯದು ಮಾರ್ಚಿನಲ್ಲಿ, ಆಸ್ಪತ್ರೆಯ ಗಾಲಿ ಮಂಚದ ಮೇಲೆ ಎಲೆಕೋಸಿನ ಜೋಕು ಹೇಳಿದಾಗ.

“ಸಜೆ ಹೌದು,” ಅಂದಳು. “ಆದ್ರೆ ಜೈಲಿನ ಗೋಡೆ ನೀವೇ ಕಟ್ಟಿದ್ದು. ಒಳಗೆ ನೀವೊಬ್ರೇ ಇಲ್ಲ. ಅಮ್ಮನೂ ಇದ್ದಾರೆ.”

ಅವಳು ಎದ್ದು ಹೋದ ಮೇಲೆ ಒಳಗೆ ಅತ್ತೆ ಕಿರಿಮಗಳ ಜೊತೆ ಫೋನಿನಲ್ಲಿ ಮಾತಾಡುವುದು ಕಿಟಕಿಯಿಂದ ಕೇಳಿಸಿತು. “ಬರ್ತೀನಿ ಕಣೇ. ಇಲ್ಲಿ ಅಳಿಯಂದಿರು ಒಂದ್ಸಲ ಆ ರಸ್ತೆ ದಾಟ್ಲಿ. ಹಗಲೆಲ್ಲ ಅವರೊಬ್ಬರನ್ನೇ ಮನೇಲಿ ಹೇಗೆ ಬಿಟ್ಟು ಬರ್ಲಿ? ... ಕಾಲೆಲ್ಲ ಚೆನ್ನಾಗೇ ಇದೆ. ... ಅಲ್ಲ, ಕಾಲಲ್ಲ.”

ಮೋಹ ತೋಟದ್ದಲ್ಲ ಎಂದಾಯಿತು. ನಾನು ಟೊಮೇಟೊ ಗಿಡದ ಮರೆಯಲ್ಲಿ ಕೂತುಬಿಟ್ಟೆ. ಕೂತಲ್ಲಿಂದ ಬಲೆಯ ಸಣ್ಣ ಸಣ್ಣ ಚೌಕಗಳಲ್ಲಿ ಆಕಾಶ ಕಾಣುತ್ತಿತ್ತು, ಗಣಿತದ ಪುಸ್ತಕದ ಹಾಳೆಯಂತೆ.

ಹನ್ನೊಂದು ಗಂಟೆಗೆ ಅತ್ತೆ ಬಂದರು. ಕೈಯಲ್ಲಿ ಅಂಗಡಿ ಕಾಲದ ದೊಡ್ಡ ಕತ್ತರಿ. ಪೂರ್ವದ ಕಡೆ ಬಲೆಯ ಹತ್ತಿರ ನಿಂತು, ಮೊಳ ಹಾಕಿ, ಬಾಗಿಲಿನಷ್ಟು ಅಗಲಕ್ಕೆ ಮೇಲಿಂದ ಕೆಳಗೆ ಕತ್ತರಿಸಿದರು. ಆಮೇಲೆ ಪಶ್ಚಿಮದ ಕಡೆ ಅದೇ ಅಳತೆಗೆ ಇನ್ನೊಂದು.

“ಅತ್ತೆ, ಏನು ಮಾಡ್ತಿದ್ದೀರಿ?”

“ಕಿಟಕಿ.”

“ಹಕ್ಕಿ ಬರುತ್ತೆ.”

“ಬರ್ಲಿ. ಒಂದೆರಡು ಹಣ್ಣು ತಿಂದು ಹೋಗುತ್ತೆ. ನಿಮ್ಮ ಹಾಗೆ ಇಲ್ಲೇ ಇರಲ್ಲ.”

ಮಧ್ಯಾಹ್ನವೆಲ್ಲ ಕೂತು, ಕತ್ತರಿಸಿದ ಅಂಚು ಬಿಚ್ಚಿಕೊಳ್ಳದಂತೆ ಮಡಚಿ ಹೊಲಿದರು. ಕೆಡವುವುದನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಾನು ಕಂಡಿಲ್ಲ.

ಆಗಸ್ಟ್ 21, ಗುರುವಾರ

ಕೋಪದಿಂದ ಮೂರು ದಿನ ಕುಂಚ ಮುಟ್ಟಲಿಲ್ಲ. ಹೂಗಳು ಅನುಭವಿಸಲಿ ಎಂದು.

ಇವತ್ತು ನೋಡಿದರೆ ಆರು ಹೊಸ ಪಿಂದೆ, ಆರೂ ಗಟ್ಟಿ, ಆರೂ ಹಸಿರು. ಬೆಳಿಗ್ಗೆ ಏಳಕ್ಕೆ ಕುರ್ಚಿಯಲ್ಲಿ ಕೂತು ಎಣಿಸಿದೆ. ಒಂದು ಹೂವಿಗೆ ಹತ್ತು ನಿಮಿಷದಲ್ಲಿ ಹನ್ನೊಂದು ಜೇನು. ಪೂರ್ವದ ಕಿಟಕಿಯಿಂದ ಬಂದು ಪಶ್ಚಿಮದ ಕಿಟಕಿಯಿಂದ ಹೋಗುತ್ತವೆ, ಬಸ್ ಹಿಡಿಯುವವರ ಹಾಗೆ ಅವಸರದಲ್ಲಿ. ಕುಂಚದಿಂದ ನಾನು ಮೂರು ಗಂಟೆ ಹೆಣಗಿ ಮಾಡುತ್ತಿದ್ದುದನ್ನು ಅವು ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತವೆ, ಕಾಲಿಗೆ ಪರಾಗ ಮೆತ್ತಿಕೊಂಡು.

ಎಲೆಯಡಿಯ ಸಸ್ಯಹೇನುಗಳನ್ನು ತಿನ್ನಲು ಕೆಂಪು ಚುಕ್ಕೆ ಹುಳುಗಳೂ ಬಂದಿವೆ. ಹಕ್ಕಿ ಬಂದು ಟೊಮೇಟೊ ಬಿಟ್ಟು ಕಂಬಳಿಹುಳ ಎತ್ತಿಕೊಂಡು ಹೋಯಿತು.

ಇಷ್ಟು ದಿನ ನಾನು ಮಾಡಿದ್ದೇನು?

ಚಾಲಕರಿಗೆ ಹೇಳಿದೆ: “ಸೇವೆಯಿಂದ ವಜಾ ಆದೆ.”

“ನಿವೃತ್ತಿ ಅನ್ನಿ ಸಾರ್. ನಾನು ಬಿಟ್ಟ ಮೇಲೂ ರೈಲು ಓಡ್ತಾನೇ ಇದೆ. ಮೊದಲ ವಾರ ತುಂಬ ಬೇಜಾರಾಗಿತ್ತು, ಒಂದಾದ್ರೂ ಹಳಿ ತಪ್ಪಲಿಲ್ವಲ್ಲ ಅಂತ.”

ಆಗಸ್ಟ್ 27, ಬುಧವಾರ

ಬದಲಿ ಮೇಷ್ಟರು ಫೋನು ಮಾಡಿದ್ದರು. ಬಹಳ ವಿನಯ. “ಸರ್, ನಿಮ್ಮ ಕಪಾಟಿನ ಕೀಲಿ ಎಲ್ಲಿದೆ? ಸೋಮವಾರದಿಂದ ನನ್ನ ಪುಸ್ತಕ ಇಟ್ಕೊಳ್ಳೋಣ ಅಂತ. ಅಂದ್ರೆ, ನೀವು ಬರದಿದ್ರೆ.”

ಕೀಲಿ ನನ್ನ ಜೇಬಿನಲ್ಲೇ ಇತ್ತು. ಕಳೆದುಹೋಗಿದೆ ಎಂದೆ.

ಆಮೇಲೆ ಗೇಟಿನವರೆಗೆ ಹೋದೆ. ಯಾರೂ ನೋಡುತ್ತಿರಲಿಲ್ಲ. ಚಿಲಕ ತೆಗೆದು ಒಂದು ಕಾಲು ಆಚೆ ಇಟ್ಟೆ, ಮುರಿದ ಕಾಲನ್ನೇ. ಕಾಲ ಕೂಡಿ ಬಂದರೂ ಕಾಲು ಕೂಡಿ ಬರಬೇಕಲ್ಲ. ಇನ್ನೊಂದು ಒಳಗೇ ಉಳಿಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಬಸ್ಸೊಂದು ಬಂದು ಎದುರಿಗೆ ನಿಂತು, ಯಾರೂ ಹತ್ತದಿರುವುದನ್ನು ನೋಡಿ ಹೋಯಿತು.

ಆಗಸ್ಟ್ 31, ಭಾನುವಾರ

ನಾಳೆ.

ಊಟದ ಹೊತ್ತಿಗೆ ಘೋಷಿಸಿದೆ: “ನಾಳೆ ಎಂಟೂ ಹತ್ತರ ಬಸ್ಸಿಗೆ ಹೋಗ್ತೀನಿ. ಒಬ್ಬನೇ. ಯಾರೂ ಜೊತೆಗೆ ಬರಕೂಡದು.”

“ನಾನು ಆಸ್ಪತ್ರೆಗೆ ಒಂದು ಗಂಟೆ ತಡ ಆಗುತ್ತೆ ಅಂತ ಹೇಳಿದ್ದೀನಿ,” ಅಂದಳು ಇವಳು.

“ಬೇಡ. ನೀನು ಏಳೂವರೆಗೇ ಹೊರಡು. ಐವತ್ತೆರಡು ವರ್ಷದ ಗಂಡಸು ರಸ್ತೆ ದಾಟೋದನ್ನ ನೋಡೋಕೆ ಜನ ಸೇರಿಸ್ಬೇಕಾ?”

ಅವಳು ನನ್ನನ್ನು ಆ ದೀಪದ ನೋಟದಲ್ಲಿ ನೋಡಿದಳು. “ಅಮ್ಮನಿಗೆ ಗುರುವಾರದ ರೈಲಿಗೆ ಟಿಕೆಟ್ ಮಾಡಿಸ್ಲಾ ಹಾಗಾದ್ರೆ?”

“ಧಾರಾಳವಾಗಿ.”

ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಸಾರಿಗೆ ಉಪ್ಪು ಕಡಿಮೆ ಎಂದರು.

ಸೆಪ್ಟೆಂಬರ್ 1, ಸೋಮವಾರ

ದಾಟಿದೆ.

ಸಂಜೆ ಇವಳಿಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಎಂಟು ಗಂಟೆಗೆ ಗೇಟು ತೆಗೆದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ರಾಜಗಾಂಭೀರ್ಯದಿಂದ ನಡೆದೆ. ನಡುರಸ್ತೆಯಲ್ಲಿ ಒಂದು ವ್ಯಾನಿಗೆ ಕೈ ತೋರಿಸಿ ನಿಲ್ಲಿಸಿದೆ. ಬಸ್ಸು ಹತ್ತಿದೆ. ಕಾಲೇಜಿನಲ್ಲಿ ಸಹಿ ಹಾಕಿದೆ. ಕಪಾಟು ತೆಗೆದೆ. ಬದಲಿ ಮೇಷ್ಟರು ಕಾಫಿ ಕುಡಿಸಿದರು. ಮೂರನೇ ಪೀರಿಯಡ್ಡಿನಲ್ಲಿ ಹುಡುಗರು ಚಪ್ಪಾಳೆ ಹೊಡೆದರು. ಪ್ರಿನ್ಸಿಪಾಲರಿಗೆ ಹೇಳಿದೆ, “ಭಯವಾ? ಭಯಕ್ಕೆ ನನ್ನ ಕಂಡ್ರೆ ಭಯ.”

ಇವಳು ಕೇಳುತ್ತ ಕೇಳುತ್ತ ನಕ್ಕಳು. ಪೂರ್ತಿ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡಳು.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದ್ದರಿಂದ ಉಳಿದದ್ದು ಇಲ್ಲಿ.

ಎಂಟು ಗಂಟೆಗೆ ನಾನು ಗೇಟಿನ ಒಳಗೆ ನಿಂತಿದ್ದೆ. ಎಂಟೂ ನಾಲ್ಕಕ್ಕೂ ಅಲ್ಲೇ ನಿಂತಿದ್ದೆ. ಅಂಗಿ ಒದ್ದೆ. ಹಿಂದಿನಿಂದ ಅತ್ತೆ ಬಂದರು, ಕೈಯಲ್ಲಿ ಒಂದು ದೊಡ್ಡ ಬಟ್ಟೆ ಚೀಲ.

“ಎದುರಂಗಡೀಲಿ ಬೆಂಕಿಪೊಟ್ಟಣ ತರ್ಬೇಕು. ಚೀಲ ಬಹಳ ಭಾರ ಇದೆ ಅಳಿಯಂದಿರೇ, ಒಂದು ಹಿಡಿ ನೀವು ಹಿಡ್ಕೊಳ್ಳಿ.”

ಹಿಡಿದುಕೊಂಡೆ. ಇನ್ನೊಂದು ಹಿಡಿ ಅವರ ಕೈಯಲ್ಲಿ. ಅವರು ನಡೆದರು. ನಾನು ಕಣ್ಣು ಮುಚ್ಚಿದ್ದೆ. ವ್ಯಾನು ನಿಲ್ಲಿಸಿದ್ದು ಅವರು. ಆಚೆ ಮುಟ್ಟಿದ ಮೇಲೂ ನನ್ನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಬಸ್ಸು ಬಂತು. “ಬೇಗ ಹತ್ತಿ, ಇಬ್ರಾ?” ಎಂದು ಕಂಡಕ್ಟರು ಕೇಳಿದ. ನಾನು ಬಾಯಿ ಬಿಡುವ ಮೊದಲೇ ಅತ್ತೆ, “ಇಬ್ರು,” ಅಂದರು.

ಹನ್ನೊಂದು ಸ್ಟಾಪು, ಪಕ್ಕದಲ್ಲಿ ಕಿಟಕಿ ಕಡೆ ಕೂತು, ಊರು ನೋಡುತ್ತ ಬಂದರು. ಕಾಲೇಜಿನ ಗೇಟಿನಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು; ಈ ಮೇಷ್ಟರು ಎಪ್ಪತ್ತಾರು ವರ್ಷದ ಅತ್ತೆಯ ಚೀಲದ ಹಿಡಿ ಬಿಟ್ಟಿದ್ದು ಆಮೇಲೆಯೇ. ಬಿಡುವಾಗ ಚೀಲದೊಳಗೆ ಇಣುಕಿದೆ. ಏನೂ ಇರಲಿಲ್ಲ. ಒಂದು ಹಳೆಯ ವೃತ್ತಪತ್ರಿಕೆ, ಉಬ್ಬಿ ಕಾಣಲೆಂದು ಉಂಡೆ ಮಾಡಿ ಹಾಕಿದ್ದು.

ಸಂಜೆ ಬಸ್ಸು ನಮ್ಮ ಗೇಟಿನ ಬದಿಗೇ ಇಳಿಸಿತು, ದಾಟುವ ಪ್ರಮೇಯ ಬರಲಿಲ್ಲ. ಗುರುವಾರ ಅವರಿಗೆ ರೈಲು. ನಾಳೆ ಬೆಳಿಗ್ಗೆಯೂ ಬೆಂಕಿಪೊಟ್ಟಣ ಬೇಕಾಗಬಹುದೇ ಎಂದು ಈಗಷ್ಟೇ ಹೋಗಿ ಮೆಲ್ಲಗೆ ಕೇಳಿ ಬಂದೆ.

“ನಾಳೆ ಬೇಕು, ನಾಡಿದ್ದೂ ಬೇಕು,” ಅಂದರು. “ನಾಡಿದ್ದು ಮಾತ್ರ ಕಣ್ಣು ಬಿಟ್ಕೊಂಡು ಬನ್ನಿ.”